ನಂದಿ ಹಾಲ್ಟ್‌ನ ಹಳೆಯ ನಿಲ್ದಾಣ: ಗೋಡೆ ಉಳಿಯಿತು, ಒಳಗೆ ನಡೆಯಬೇಕಾದದ್ದೇನು?

ಹಳಿಬದಿ
ಮಾನ್ಯರೇ, ಯಲಹಂಕದಿಂದ ಚಿಕ್ಕಬಳ್ಳಾಪುರದತ್ತ ಬರುವ ರೈಲುಮಾರ್ಗದಲ್ಲಿರುವ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ ಮತ್ತು ನಂದಿ ಹಾಲ್ಟ್ ನಿಲ್ದಾಣಗಳಿಗೆ ನೂರು ವರ್ಷ ದಾಟಿದೆ. 1915ರಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲು ಎರಡೂವರೆ ಅಡಿ ಅಂತರದ ಹಳಿಯ ಮೇಲೆ ಓಡತೊಡಗಿದಾಗ ಮೈಸೂರಿನ ದಿವಾನರಾಗಿದ್ದವರು ಇಲ್ಲೇ ಹತ್ತಿರದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು. ಮುಂದೆ ಹಳಿ ಬ್ರಾಡ್‌ಗೇಜ್ ಆಯಿತು, ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗವೂ 2013ರಲ್ಲಿ ಹಾಗೆಯೇ ಬದಲಾಗಿ ತೆರೆಯಿತು, ಈಚೆಗೆ ಹಳಿಯ ಮೇಲೆ ವಿದ್ಯುತ್ ತಂತಿಯೂ ಬಂದಿತು. ಕಲ್ಲುಗೋಡೆ, ಹೆಂಚಿನ ಮಾಡು ಮತ್ತು ಮುಂಭಾಗದ ಪಡಸಾಲೆಯ ಆ ಕಟ್ಟಡಗಳು ಮಾತ್ರ ಬಹುಕಾಲ ಯಾರಿಗೂ ಬೇಡವಾಗಿ ನಿಂತಿದ್ದವು.

ಪಾರಂಪರಿಕ ಕಟ್ಟಡಗಳ ಉಳಿವಿಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಮತ್ತು ನೈಋತ್ಯ ರೈಲ್ವೆ ಕೈಜೋಡಿಸಿ ಈ ನಿಲ್ದಾಣಗಳನ್ನು ಉಳಿಸುವ ಕೆಲಸಕ್ಕೆ ಮುಂದಾದದ್ದು ನಮ್ಮೆಲ್ಲರ ಪುಣ್ಯ. ನಾನು ಇಲ್ಲಿ ಎತ್ತುತ್ತಿರುವ ಪ್ರಶ್ನೆ ಅದರ ಮುಂದಿನದು. ಬೀಗ ಹಾಕಿದ ಕಟ್ಟಡವನ್ನು ಎಷ್ಟೇ ಚೆನ್ನಾಗಿ ದುರಸ್ತಿ ಮಾಡಿದರೂ ನಾಲ್ಕು ಮಳೆಗಾಲದಲ್ಲಿ ಅದು ಮತ್ತೆ ಹಳೆಯ ಸ್ಥಿತಿಗೇ ಮರಳುತ್ತದೆ. ದಿನಕ್ಕೆ ಬೆರಳೆಣಿಕೆಯ ರೈಲುಗಳು ನಿಲ್ಲುವ ಹಾಲ್ಟ್‌ನಲ್ಲಿ ಇಡೀ ಕಟ್ಟಡವನ್ನು ಟಿಕೆಟ್ ಮಾರಾಟಕ್ಕೆಂದೇ ಇಟ್ಟುಕೊಳ್ಳುವುದು ಆಗದ ಮಾತು. ಹಾಗಾದರೆ ಪ್ರಯಾಣಿಕರನ್ನು ಹೊರದೂಡದೆ, ಕಟ್ಟಡಕ್ಕೂ ಊರಿಗೂ ಭಾರವಾಗದೆ, ಒಂದೇ ಮಾಡಿನ ಕೆಳಗೆ ಎರಡು ಮೂರು ಬಗೆಯ ಕೆಲಸ ನಡೆಯುವಂತೆ ಅದನ್ನು ಹೇಗೆ ಒಗ್ಗಿಸಿಕೊಳ್ಳಬಹುದು? ಈ ವಿಷಯದ ಒಳಹೊರಗು ಬಲ್ಲವರು ದಯವಿಟ್ಟು ಬರೆಯಬೇಕು.

ದ್ರಾಕ್ಷಿತೋಟ
ಒಳ್ಳೆಯ ಪ್ರಶ್ನೆ ಸರ್. ಶನಿವಾರ, ಭಾನುವಾರ ನಂದಿ ಬೆಟ್ಟಕ್ಕೆ ಬರುವ ಕಾರುಗಳ ಸಾಲನ್ನು ನೋಡಿದವರಿಗೆ ಇದರ ಉತ್ತರ ಕಣ್ಣೆದುರಿಗೇ ಇದೆ. ಒಂದು ಅಚ್ಚುಕಟ್ಟಾದ ಕಾಫಿ–ತಿಂಡಿಯ ಕೇಂದ್ರ, ಒಂದೆರಡು ತಂಗುವ ಕೋಣೆ ಮತ್ತು ಪಡಸಾಲೆಯಲ್ಲಿ ನಮ್ಮ ಭಾಗದ ಬೆಳೆಗಳ ಮಾರಾಟ ಸಾಕು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಮತ್ತು ಗುಲಾಬಿ ಈರುಳ್ಳಿ ಎರಡೂ ನಮ್ಮ ಸೀಮೆಯಲ್ಲಿ ಬೆಳೆಯುತ್ತವೆ. ಆದರೆ ಅವುಗಳ ಹೆಸರು ಹೇಳಿ ಮಾರುವ ಒಂದು ಮಳಿಗೆಯೂ ಬೆಟ್ಟದ ದಾರಿಯಲ್ಲಿ ಕಾಣುವುದಿಲ್ಲ. ಪ್ಯಾರಿಸ್ಸಿನ ಓರ್ಸೇ ನಿಲ್ದಾಣವನ್ನು 1986ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು, ಇಂದು ಲೋಕವೇ ಅಲ್ಲಿಗೆ ಹೋಗುತ್ತದೆ. ನಾವು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ.

ನಾಲ್ಕನೇ ಬೆಂಚು
ಕಾರಿನಲ್ಲಿ ಬರುವವರಿಗೆ ಕಾಫಿ ಕುಡಿಯಲು ಹೆದ್ದಾರಿಯುದ್ದಕ್ಕೂ ಜಾಗವಿದೆ ಅಣ್ಣ. ನಂದಿ ಮತ್ತು ಸುತ್ತಲಿನ ಹಳ್ಳಿಗಳ ನಮ್ಮಂಥವರಿಗೆ ಕೆಪಿಎಸ್‌ಸಿ, ಪಿಡಿಒ, ಪೊಲೀಸ್ ಪರೀಕ್ಷೆಗಳಿಗೆ ಕೂತು ಓದಲು ಜಾಗವಿಲ್ಲ. ಮನೆಯಲ್ಲಿ ಟಿವಿ, ಹೊರಗೆ ಬಿಸಿಲು. ಚಿಕ್ಕಬಳ್ಳಾಪುರದ ಗ್ರಂಥಾಲಯದಲ್ಲಿ ಕುರ್ಚಿ ಸಿಗಬೇಕಾದರೆ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲಬೇಕು. ಹಳೆಯ ನಿಲ್ದಾಣದ ಒಂದು ಕೋಣೆಯನ್ನಾದರೂ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿಯ ಗ್ರಂಥಾಲಯಕ್ಕೆ, ಸೇರಿಸಿ ಓದುವ ಕೋಣೆ ಮಾಡಿದರೆ ವಾರದ ಏಳು ದಿನವೂ ಅಲ್ಲಿ ಜನರಿರುತ್ತಾರೆ. ತಂಗುವ ಕೋಣೆಯನ್ನು ನಾನು ಖಂಡಿತ ಒಪ್ಪುವುದಿಲ್ಲ. ಅದು ಬಂದ ದಿನವೇ ಗೇಟು ಬರುತ್ತದೆ, ಗೇಟು ಬಂದ ಮೇಲೆ ಊರಿನವರು ಹೊರಗೆ ನಿಲ್ಲುತ್ತಾರೆ.

ಗಾರೆ ಗುದ್ದಲಿ
ಹಳೆಯ ಮನೆ, ಛತ್ರ, ದೇವಸ್ಥಾನಗಳ ದುರಸ್ತಿಯಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿರುವುದರಿಂದ ಕಟ್ಟಡದ ಪರವಾಗಿ ನಾಲ್ಕು ಮಾತು ಹೇಳುತ್ತೇನೆ. ಯಾವ ಬಳಕೆ ಎಂಬುದನ್ನು ನಿರ್ಧರಿಸುವ ಮೊದಲು ಆ ಗೋಡೆ ಮತ್ತು ಮಾಡು ಏನನ್ನು ತಾಳಿಕೊಳ್ಳುತ್ತವೆ ಎಂದು ನೋಡಬೇಕು.

ಈ ಕಾಲದ ಕಲ್ಲುಕಟ್ಟಡಗಳಲ್ಲಿ ಸಾಮಾನ್ಯವಾಗಿ ಕಲ್ಲಿನ ನಡುವೆ ಇರುವುದು ಸುಣ್ಣದ ಗಾರೆ. ಅರಳಿಸಿದ ಸುಣ್ಣ, ಮರಳು, ಇಟ್ಟಿಗೆ ಪುಡಿಯ ಸುರ್ಕಿ, ಕೆಲವು ಕಡೆ ಬೆಲ್ಲದ ನೀರು ಮತ್ತು ಅಳಲೆಕಾಯಿಯ ಕಷಾಯ ಸೇರಿಸಿ ಅರೆದ ಗಾರೆ ಅದು. ನೆಲದಿಂದ ಮೇಲೇರುವ ತೇವವನ್ನು ಅದು ಹೀರಿಕೊಂಡು ಬಿಸಿಲಿಗೆ ಹೊರಗೆ ಬಿಡುತ್ತದೆ. ಅಂಥ ಗೋಡೆಗೆ ಸಿಮೆಂಟ್ ಗಾರೆ ಬಳಿದರೆ ತೇವಕ್ಕೆ ಹೊರದಾರಿ ಇರುವುದಿಲ್ಲ. ಅದು ಒಳಗೇ ನಿಂತು, ಉಪ್ಪನ್ನು ಹೊತ್ತು, ಎರಡು ಮೂರು ವರ್ಷದಲ್ಲಿ ಬಿಳಿ ಪುಡಿಯಾಗಿ ಉಕ್ಕಿ ಗಾರೆಯನ್ನೇ ಹಪ್ಪಳದಂತೆ ಎಬ್ಬಿಸುತ್ತದೆ. ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತಾ ಹೋಗಿ: ಗಟ್ಟಿ ಜಾಗದಲ್ಲಿ ಸದ್ದು ಮೊಂಡಾಗಿರುತ್ತದೆ, ಸಿಮೆಂಟ್ ತೇಪೆ ಬಿಟ್ಟುಕೊಂಡ ಕಡೆ ಖಾಲಿ ಡಬ್ಬಿ ಬಡಿದಂತೆ ಕೇಳುತ್ತದೆ. ನೆಲದಿಂದ ಮೊಣಕಾಲಿನ ಎತ್ತರದವರೆಗೆ ಈ ಪರೀಕ್ಷೆ ಮಾಡಿದರೆ ಗೋಡೆಯ ಆರೋಗ್ಯ ಮುಕ್ಕಾಲು ಪಾಲು ತಿಳಿಯುತ್ತದೆ. ಪರಿಸರದ ಲೆಕ್ಕವೂ ಇದರಲ್ಲೇ ಅಡಗಿದೆ. ಸುಣ್ಣವನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಡುತ್ತಾರೆ, ಸಿಮೆಂಟಿಗೆ ಸುಮಾರು 1450 ಡಿಗ್ರಿ ಬೇಕು. ಮೇಲಾಗಿ ಸುಡುವಾಗ ಕಲ್ಲು ಬಿಟ್ಟ ಇಂಗಾಲದ ಡೈಆಕ್ಸೈಡಿನ ಒಂದು ಪಾಲನ್ನು ಸುಣ್ಣವು ಗೋಡೆಯ ಮೇಲೆ ಗಟ್ಟಿಯಾಗುತ್ತಾ ಮರಳಿ ಹೀರಿಕೊಳ್ಳುತ್ತದೆ. ಇರುವ ಗೋಡೆಯನ್ನು ಕೆಡವದೆ ಉಳಿಸುವುದೇ ಎಲ್ಲಕ್ಕಿಂತ ದೊಡ್ಡ ಉಳಿತಾಯ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ರೈಲ್ವೆಯವರು ಈ ಹೆಂಚನ್ನು ನಾಡಿನುದ್ದಕ್ಕೂ ಬಳಸಿದರು. ಒಂದು ಕಾರ್ಖಾನೆಯ ಹೆಂಚಿನ ಅಂಚಿನ ತೋಡು ಇನ್ನೊಂದು ಕಾರ್ಖಾನೆಯ ಹೆಂಚಿಗೆ ಸರಿಯಾಗಿ ಕೂರುವುದಿಲ್ಲ. ಒಡೆದ ಜಾಗಕ್ಕೆ ಸಿಕ್ಕಿದ ಹೆಂಚನ್ನು ತುರುಕಿದರೆ ಅಲ್ಲಿಂದಲೇ ಸೋರಿಕೆ ಆರಂಭವಾಗುತ್ತದೆ. ಆದ್ದರಿಂದ ಹೊದಿಕೆ ತೆಗೆಯುವಾಗ ಹೆಂಚಿನ ಬೆನ್ನ ಮೇಲಿನ ಅಚ್ಚು ನೋಡಿ ವಿಂಗಡಿಸಿಕೊಳ್ಳಬೇಕು; ಒಂದೇ ಅಚ್ಚಿನವನ್ನು ಒಂದೇ ಇಳಿಜಾರಿಗೆ ಹಾಕಬೇಕು. ನಂದಿಯ ಕೋತಿಗಳ ವಿಷಯ ನಿಮಗೆ ಗೊತ್ತೇ ಇದೆ. ತಿಂಡಿ ಎಲ್ಲಿದೆಯೋ ಅಲ್ಲಿ ಕೋತಿ, ಕೋತಿ ಎಲ್ಲಿದೆಯೋ ಅಲ್ಲಿ ಜಾರಿದ ಹೆಂಚು. ಕಾಫಿ–ತಿಂಡಿಯ ಕೇಂದ್ರ ಕೇಳುವವರು ಅದರ ಜೊತೆಗೆ ವರ್ಷಕ್ಕೆರಡು ಬಾರಿ ಮಾಡು ಹತ್ತುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದ್ರಾಕ್ಷಿತೋಟ
ತಿಳಿಸಿದ್ದಕ್ಕೆ ಧನ್ಯವಾದ. ಮಾಡಿನ ಮೇಲೆ ಸೌರಫಲಕ ಹಾಕಿ, ಒಳಗೆ ಫಾಲ್ಸ್ ಸೀಲಿಂಗ್ ಮತ್ತು ಏಸಿ ಕೂರಿಸಿದರೆ ಬೇಸಿಗೆಯಲ್ಲೂ ಜನ ಬರುತ್ತಾರಲ್ಲವೇ? ಕರೆಂಟು ಹೇಗೂ ಸೂರ್ಯನದು.

ಗಾರೆ ಗುದ್ದಲಿ
ಮೂರೂ ಬೇಡ. ಹೆಂಚಿನ ಮೇಲೆ ಫಲಕ ನಿಲ್ಲಿಸಲು ರೀಪಿನವರೆಗೆ ಕಬ್ಬಿಣ ಇಳಿಸಬೇಕಾಗುತ್ತದೆ, ಒಂದೊಂದು ತೂತೂ ಒಂದೊಂದು ಸೋರಿಕೆಯಾಗುತ್ತದೆ. ವಾಹನ ನಿಲ್ಲುವ ಜಾಗದಲ್ಲಿ ಹಗುರವಾದ ಚಪ್ಪರ ಹಾಕಿ ಅದರ ಮೇಲೆ ಫಲಕ ಇಡಿ. ಒಂದು ಕಿಲೋವ್ಯಾಟಿಗೆ ಸುಮಾರು ಹತ್ತು ಚದರ ಮೀಟರ್ ಜಾಗ ಬೇಕು, ದಿನಕ್ಕೆ ನಾಲ್ಕು ಯೂನಿಟ್ಟಿನಷ್ಟು ಬರುತ್ತದೆ. ಫಾಲ್ಸ್ ಸೀಲಿಂಗ್ ಹಾಕಿದ ಮೇಲೆ ತೊಲೆಗೆ ಗೆದ್ದಲು ಹತ್ತಿದ್ದು ಯಾರಿಗೂ ಕಾಣುವುದಿಲ್ಲ. ಎತ್ತರದ ಹೆಂಚಿನ ಮಾಡು, ದಪ್ಪ ಕಲ್ಲುಗೋಡೆ ಮತ್ತು ಎದುರುಬದುರು ಕಿಟಕಿಗಳಿರುವ ಕಟ್ಟಡಕ್ಕೆ ಏಸಿ ಯಾಕೆ ಬೇಕು? ಹಳೆಯ 75 ವ್ಯಾಟ್ ಫ್ಯಾನಿನ ಬದಲು 30 ವ್ಯಾಟಿನ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ಹಾಕಿ, ಕತ್ತಲ ಮೂಲೆಗೆ ಎರಡು ಗಾಜಿನ ಹೆಂಚು ಕೂರಿಸಿ. ಒಲೆ ಮತ್ತು ಗ್ಯಾಸ್ ಸಿಲಿಂಡರ್ ಮರದ ಮಾಡಿನ ಕೆಳಗೆ ಬರಲೇಬಾರದು. ಅಡುಗೆಮನೆ ಹೊರಗೆ, ಬೇರೆಯಾಗಿಯೇ ಇರಬೇಕು.

ನಿವೃತ್ತ ಗಾರ್ಡ್
ಚರ್ಚೆ ಚೆನ್ನಾಗಿ ಸಾಗಿದೆ, ಆದರೆ ಇದು ಮೊದಲು ರೈಲ್ವೆ ಆವರಣ ಎಂಬುದನ್ನು ಎಲ್ಲರೂ ಮರೆತಂತಿದೆ. ಓರ್ಸೇ ನಿಲ್ದಾಣದ ಮಾತು ಬಂದದ್ದರಿಂದ ಹೇಳುತ್ತೇನೆ. 1900ರಲ್ಲಿ ಕಟ್ಟಿದ ಆ ನಿಲ್ದಾಣದ ಪ್ಲಾಟ್‌ಫಾರಂಗಳು ಉದ್ದನೆಯ ಹೊಸ ರೈಲುಗಳಿಗೆ ಸಾಲದೆ ಹೋದದ್ದರಿಂದ 1939ರಷ್ಟು ಹೊತ್ತಿಗೆ ದೂರದ ರೈಲುಗಳು ಅಲ್ಲಿಗೆ ಬರುವುದೇ ನಿಂತಿತ್ತು. ದೂರಪ್ರಯಾಣದ ರೈಲೇ ಇಲ್ಲದ ಮಹಾಮಂಟಪವನ್ನು ಅವರು ಮ್ಯೂಸಿಯಂ ಮಾಡಿದರು. ನಂದಿಯಲ್ಲಿ ಕಟ್ಟಡದ ಪಕ್ಕದಲ್ಲೇ ಹಳಿಯಿದೆ, ಹಳಿಯ ಮೇಲೆ 25,000 ವೋಲ್ಟಿನ ತಂತಿಯಿದೆ, ರೈಲು ನಿಲ್ಲುತ್ತದೆ, ಮುಂದೆ ಇನ್ನಷ್ಟು ನಿಲ್ಲಬೇಕೆಂದೇ ನಾವು ಕೇಳುತ್ತಿದ್ದೇವೆ. ನಮಗೆ ಹೋಲಿಸಲು ಹುಬ್ಬಳ್ಳಿಯೇ ಸರಿ. ಅಲ್ಲಿ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹಳೆಯ ರೈಲ್ವೆ ವಸತಿಗೃಹಗಳನ್ನೇ ಒಗ್ಗಿಸಿಕೊಂಡರು, ನಿಲ್ದಾಣದ ಓಡಾಟಕ್ಕೆ ತೊಡಕಾಗಲಿಲ್ಲ.

ರೈಲ್ವೆ ಕಾಯ್ದೆ 1989ರ 147ನೇ ಕಲಂ ಪ್ರಕಾರ ಅಧಿಕಾರವಿಲ್ಲದೆ ರೈಲ್ವೆ ಆವರಣ ಪ್ರವೇಶಿಸುವುದು ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು. ಓದಲು ಬಂದ ಹುಡುಗ, ದ್ರಾಕ್ಷಿ ಕೊಳ್ಳಲು ಬಂದ ಗಿರಾಕಿ, ಫೋಟೋ ತೆಗೆಸಿಕೊಳ್ಳಲು ಬಂದ ಮದುವೆ ಜೋಡಿ, ಇವರೆಲ್ಲ ಟಿಕೆಟ್ ಇಲ್ಲದೆ ಪ್ಲಾಟ್‌ಫಾರಂ ಮೇಲೆ ಅಡ್ಡಾಡಿದರೆ ಹೊಣೆ ಯಾರದು? ಆದ್ದರಿಂದ ಕಟ್ಟಡಕ್ಕೆ ರಸ್ತೆಯ ಕಡೆಯ ಬಾಗಿಲೇ ಊರಿನ ಬಾಗಿಲಾಗಬೇಕು. ಹಳಿಯ ಕಡೆಯ ಬಾಗಿಲು ಮತ್ತು ಪಡಸಾಲೆ ಪ್ರಯಾಣಿಕರಿಗಷ್ಟೇ ಮೀಸಲಿರಬೇಕು. ನಡುವೆ ಸೊಂಟದೆತ್ತರದ ಬೇಲಿ ಸಾಕು, ಕಣ್ಣಿಗೆ ಅಡ್ಡವಾಗುವ ಗೋಡೆ ಬೇಡ. ತಂತಿಯ ಕೆಳಗೆ ಗಾಳಿಪಟ, ಉದ್ದನೆಯ ಸೆಲ್ಫಿ ಕೋಲು, ಕಬ್ಬಿಣದ ಏಣಿ ಇವುಗಳ ವಿಷಯದಲ್ಲಿ ಸಲುಗೆ ಸಲ್ಲದು. ತಂತಿಯನ್ನು ಮುಟ್ಟಬೇಕೆಂದೇನೂ ಇಲ್ಲ, ಹತ್ತಿರ ಹೋದರೂ ಜೀವಕ್ಕೆ ಅಪಾಯ.

ಅನುಮತಿಯ ವಿಷಯದಲ್ಲಿ ಒಂದು ಸಮಾಧಾನದ ಸಂಗತಿಯಿದೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದು, ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ. ನಿಲ್ದಾಣ ಅದರಿಂದ ಆಚೆಗಿದೆ. ದೇವಸ್ಥಾನಕ್ಕೆ ನಡೆದು ಹೋಗುವಷ್ಟೇ ದೂರವಿರುವುದರಿಂದ ರೈಲಿನಲ್ಲಿ ಬಂದು, ದರ್ಶನ ಮಾಡಿ, ರೈಲಿನಲ್ಲೇ ಮರಳುವ ಯಾತ್ರಿಕರನ್ನು ಮೊದಲ ಗಿರಾಕಿಗಳೆಂದು ಭಾವಿಸಿ ಯೋಜನೆ ಮಾಡಿ, ಕಾರಿನವರು ಆಮೇಲೆ. ಕಾರು ನಿಲ್ಲಿಸಲು ಹಳೆಯ ಮರಗಳನ್ನು ಕಡಿದು ಕಾಂಕ್ರೀಟ್ ಹಾಸುವ ಯೋಜನೆಗೆ ಪರಿಸರದ ಹೆಸರು ಕೊಟ್ಟರೆ ನಾನಂತೂ ಒಪ್ಪಲಾರೆ.

ಕಂದವಾರ ಕೆರೆ
ನೀರಿನ ಲೆಕ್ಕವನ್ನು ಇದುವರೆಗೆ ಯಾರೂ ತೆಗೆದಿಲ್ಲ. ಅರ್ಕಾವತಿ, ಪಾಲಾರ್, ಪಿನಾಕಿನಿಗಳು ಹುಟ್ಟುವುದು ನಂದಿಯ ಆಸುಪಾಸಿನ ಬೆಟ್ಟಗಳಲ್ಲಿ ಎಂದು ಶಾಲೆಯಲ್ಲಿ ಓದಿದ್ದೇವೆ. ಅದೇ ಜಿಲ್ಲೆಯ ಕೆರೆಗಳಿಗೆ ಇಂದು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿದು ಬರುತ್ತಿದೆ. ಅಂತರ್ಜಲದ ಸ್ಥಿತಿ ಹೀಗಿರುವಾಗ ನಿಲ್ದಾಣಕ್ಕೆಂದು ಹೊಸ ಕೊಳವೆಬಾವಿ ಕೊರೆಯುವುದು ಪಕ್ಕದ ರೈತನ ಬಾವಿಗೆ ಕೈ ಹಾಕಿದಂತೆ.

ಮಳೆಯಲ್ಲಿ ಎಷ್ಟು ಸಿಗುತ್ತದೆ ನೋಡೋಣ. ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ 100 ಚದರ ಮೀಟರ್ ಮಾಡಿನ ಮೇಲೆ 70,000 ಲೀಟರ್ ಬೀಳುತ್ತದೆ. ಹೆಂಚು ಹೀರುವುದು, ಸಿಡಿಯುವುದು ಮತ್ತು ಮೊದಲ ಮಳೆಯ ಕೊಳೆ ನೀರನ್ನು ಬಿಡುವುದು ಎಲ್ಲ ಕಳೆದು ಹತ್ತರಲ್ಲಿ ಎಂಟು ಪಾಲು ಉಳಿದರೆ 56,000 ಲೀಟರ್. ದಿನಕ್ಕೆ 1,500 ಲೀಟರ್ ಬಳಸುವ ಹೋಟೆಲ್ ಅದನ್ನು ನಲವತ್ತು ದಿನದೊಳಗೆ ಮುಗಿಸುತ್ತದೆ. ಓದುವ ಕೋಣೆ, ಪುಟ್ಟ ಮಳಿಗೆ ಮತ್ತು ನಾಲ್ಕು ಶೌಚಾಲಯಗಳಿದ್ದು ದಿನಕ್ಕೆ 300 ಲೀಟರ್ ಸಾಕೆಂದಾದರೆ ಅದೇ ನೀರು ಆರು ತಿಂಗಳು ಬರುತ್ತದೆ. ತಂಗುವ ಕೋಣೆ ಬೇಡವೆಂದು ನಾಲ್ಕನೇ ಬೆಂಚಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯೂ ಇದೇ ಕಾರಣಕ್ಕೆ. ತಂಗುವವರಿಗೆ ಸ್ನಾನದ ನೀರು, ಹಾಸಿಗೆ ಹೊದಿಕೆ ಒಗೆಯುವ ನೀರು ಎಲ್ಲಿಂದ ತರುತ್ತೀರಿ? ಕೈ ತೊಳೆದ ನೀರು ಕಾಬಾಳೆ ಗಿಡಗಳ ಪಾತಿಯ ಮೂಲಕ ಹಾದು ಮರದ ಬುಡ ಸೇರಲಿ. ಪಾತ್ರೆ ತೊಳೆದ ಜಿಡ್ಡಿನ ನೀರಿಗೆ ಮೊದಲು ಜಿಡ್ಡು ಹಿಡಿಯುವ ಸಣ್ಣ ತೊಟ್ಟಿ ಬೇಕು, ಇಲ್ಲವಾದರೆ ಪಾತಿ ಕೆಲವೇ ವಾರದಲ್ಲಿ ನಾರುತ್ತದೆ. ಗಾರೆಯವರು ತೇವದ ಮಾತು ಹೇಳಿದ್ದಾರಲ್ಲ, ಸೂರಿನ ನೀರನ್ನು ಮಾಡಿನ ಅಂಚಿಗೆ ದೋಣಿ (ನೀರು ಹರಿಯುವ ಕಾಲುವೆ) ಕಟ್ಟಿ ಹಿಡಿದರೆ ಅದು ಗೋಡೆಯ ಬುಡಕ್ಕೆ ಬೀಳುವುದೂ ತಪ್ಪುತ್ತದೆ.

ಸಂಘದ ಅಕ್ಕ
ನಮ್ಮ ಸ್ವಸಹಾಯ ಸಂಘದವರು ರಾಗಿ ಹುರಿಹಿಟ್ಟು, ಹಪ್ಪಳ, ಉಪ್ಪಿನಕಾಯಿ ಮಾಡಿ ಸಂತೆಗಳಲ್ಲಿ ಮಾರುತ್ತೇವೆ. ಹಿಂದೊಮ್ಮೆ ಬೇರೊಂದು ಊರಿನ ಹಳೆಯ ಕಟ್ಟಡವೊಂದರಲ್ಲಿ ನಮಗೆ ಮಳಿಗೆ ಕೊಟ್ಟಿದ್ದರು. ಉದ್ಘಾಟನೆಯ ದಿನ ಹಾರ, ಫೋಟೋ ಎಲ್ಲ ಜೋರಾಗಿತ್ತು. ಆಮೇಲೆ ವಾರದ ಐದು ದಿನ ನೊಣ ಹೊಡೆಯುತ್ತಾ ಕೂತೆವು, ಬಾಡಿಗೆ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಕಟ್ಟಬೇಕಿತ್ತು. ಕೊನೆಗೆ ನಾವು ಬಿಟ್ಟೆವು, ಹೊರಗಿನ ಗುತ್ತಿಗೆದಾರರೊಬ್ಬರು ಅದನ್ನು ಹಿಡಿದರು. ಈಗ ಅಲ್ಲಿ ಸಿಗುವುದು ಪ್ಯಾಕೆಟ್ ಚಿಪ್ಸ್.

ಹೀಗಾಗಿ ದ್ರಾಕ್ಷಿತೋಟದ ತಮ್ಮನಿಗೆ ಹೇಳುವುದೇನೆಂದರೆ, ಶನಿವಾರ ಭಾನುವಾರದ ಗಿರಾಕಿಯನ್ನು ನಂಬಿ ಕಟ್ಟಡವನ್ನು ವಾರವಿಡೀ ನಡೆಸಲಾಗದು. ನಿಗದಿತ ಬಾಡಿಗೆಯ ಬದಲು ಮಾರಾಟದಲ್ಲಿ ಇಂತಿಷ್ಟು ಪಾಲು ಎಂದು ಮಾಡಿದರೆ ನಾವೂ ಉಳಿಯುತ್ತೇವೆ. ವಾರದ ದಿನ ಒಬ್ಬರು ಕೂತು ಕಾಫಿ ಮತ್ತು ಹುರಿಹಿಟ್ಟಿನ ಉಂಡೆಯನ್ನು ಓದುವ ಹುಡುಗರಿಗೂ ರೈಲು ಕಾಯುವವರಿಗೂ ಕೊಡಬಹುದು, ರಜಾದಿನ ನಾಲ್ವರು ಬರಬಹುದು. ಸರ್ಕಾರದ ಅಕ್ಕ ಕೆಫೆ ಯೋಜನೆ ಸ್ವಸಹಾಯ ಸಂಘಗಳ ಹೆಂಗಸರಿಗೇ ಇರುವುದರಿಂದ ಅದರಡಿ ಕೇಳಿ ನೋಡಬಹುದು. ಅಡುಗೆಯನ್ನು ಮನೆಯಲ್ಲೇ ಮಾಡಿ ತರುತ್ತೇವೆ. ಅಲ್ಲಿ ಕಾಫಿ ಕಾಯಿಸಲು ವಿದ್ಯುತ್ ಒಲೆ ಸಾಕು. ಇದರಿಂದ ಗಾರೆ ಗುದ್ದಲಿ ಅಣ್ಣನ ಸಿಲಿಂಡರ್ ಚಿಂತೆಯೂ ಕಂದವಾರದವರ ಪಾತ್ರೆ ತೊಳೆಯುವ ನೀರಿನ ಚಿಂತೆಯೂ ಕಡಿಮೆಯಾಗುತ್ತವೆ. ಹೆಂಗಸರಿಗೆ ಬೀಗ ಸರಿಯಿರುವ, ದೀಪವಿರುವ ಶೌಚಾಲಯ ಬೇಕು. ಅದು ಹೊಸ ಬಣ್ಣಕ್ಕಿಂತ ಮೊದಲು ಆಗಬೇಕು.

ದ್ರಾಕ್ಷಿತೋಟ
ಅಕ್ಕ, ಮಾರಾಟದಲ್ಲಿ ಪಾಲು ಎಂದರೆ ಒಳ್ಳೆಯದೇ. ಆದರೆ ಆ ಪಾಲಿನಿಂದ ಮಾಡಿನ ಕೂಲಿ, ಕರೆಂಟು, ಕಾವಲುಗಾರನ ಸಂಬಳ ಹೊರಡುತ್ತದೆಯೇ? ತಂಗುವ ಕೋಣೆಯನ್ನು ನೀರಿನ ಕಾರಣಕ್ಕೆ ಬಿಟ್ಟುಕೊಡುತ್ತೇನೆ, ಆ ಲೆಕ್ಕದ ಮುಂದೆ ನನ್ನಲ್ಲಿ ಉತ್ತರವಿಲ್ಲ. ಆದರೆ ಹಣ ತರುವ ಒಂದಾದರೂ ಬಳಕೆ ಇರಲೇಬೇಕು. ದ್ರಾಕ್ಷಿಯ ಸುಗ್ಗಿಯಲ್ಲಿ, ಶಿವರಾತ್ರಿಯ ನಂದಿ ಜಾತ್ರೆಯಲ್ಲಿ, ವರ್ಷದಲ್ಲಿ ಕೆಲವು ಭಾನುವಾರಗಳಲ್ಲಿ ರಸ್ತೆಯ ಕಡೆಯ ಅಂಗಳವನ್ನು ರೈತರ ಸಂತೆಗೆ, ಚಿತ್ರಕಲಾ ಪ್ರದರ್ಶನಕ್ಕೆ ದಿನಬಾಡಿಗೆಗೆ ಕೊಟ್ಟರೆ ಹೇಗೆ? ಕಟ್ಟಡದ ಒಳಗೆ ಯಾರೂ ಮೊಳೆ ಹೊಡೆಯುವ ಪ್ರಶ್ನೆಯೇ ಬರುವುದಿಲ್ಲ.

ನಾಲ್ಕನೇ ಬೆಂಚು
ಅಂಗಳದ ಸಂತೆಗೆ ನನ್ನ ತಕರಾರಿಲ್ಲ. ಧ್ವನಿವರ್ಧಕ ಮಾತ್ರ ಬೇಡ, ಪರೀಕ್ಷೆಗಳು ಭಾನುವಾರವೇ ಇರುತ್ತವೆ.

ಹಳಿಬದಿ
ಎಲ್ಲರ ಮಾತನ್ನು ಓದಿದ ಮೇಲೆ ನನಗೆ ತೋಚುವುದು ಇಷ್ಟು. ಟಿಕೆಟ್ ಕೋಣೆ ಮತ್ತು ಹಳಿಯ ಕಡೆಯ ಪಡಸಾಲೆ ರೈಲಿಗೇ ಇರಲಿ. ರಸ್ತೆಯ ಕಡೆಯ ದೊಡ್ಡ ಕೋಣೆ ಅರಿವು ಕೇಂದ್ರದ ಓದುಕೋಣೆಯಾಗಲಿ. ಅದರ ಪಕ್ಕದಲ್ಲಿ ಸಂಘದವರ ಮಳಿಗೆ, ಅಂಗಳದಲ್ಲಿ ಸಂತೆ. ಹೊಸದಾಗಿ ಕಟ್ಟುವುದು ಶೌಚಾಲಯ, ನೀರಿನ ತೊಟ್ಟಿ ಮತ್ತು ಸೌರಫಲಕದ ಚಪ್ಪರ ಮಾತ್ರ, ಅವೂ ಬೇಕೆಂದಾಗ ಬಿಚ್ಚಿ ಒಯ್ಯಬಹುದಾದಂತೆ, ಹಳೆಯ ಗೋಡೆಗೆ ತಾಗದಂತೆ. ನೆಲ ರೈಲ್ವೆಯದಾದ್ದರಿಂದ ಪಂಚಾಯಿತಿ ತಾನಾಗಿ ಏನನ್ನೂ ಮಾಡಲಾಗದು. ಬಳಕೆಯ ಒಪ್ಪಂದ ರೈಲ್ವೆ ವಿಭಾಗೀಯ ಕಚೇರಿಯೊಂದಿಗೆ ಆಗಬೇಕು. ಆ ಒಪ್ಪಂದದ ಅವಧಿ ವರ್ಷಕ್ಕೊಮ್ಮೆ ಮುಗಿಯುವಂತಿದ್ದರೆ ಯಾರೂ ಸುಣ್ಣದ ಗಾರೆಗೆ ದುಡ್ಡು ಹಾಕುವುದಿಲ್ಲ, ಸುಲಭಕ್ಕೆ ಸಿಗುವ ಸಿಮೆಂಟೇ ಮತ್ತೆ ಬರುತ್ತದೆ. ದುರಸ್ತಿಯ ಗುಣಮಟ್ಟವನ್ನು ನಿಜವಾಗಿ ನಿರ್ಧರಿಸುವುದು ಮೇಸ್ತ್ರಿಯ ಕೈಗಿಂತ ಹೆಚ್ಚಾಗಿ ಈ ಅವಧಿಯೇ ಎಂಬುದು ನನ್ನ ಅನಿಸಿಕೆ.

ಗಾರೆ ಗುದ್ದಲಿ
ಅವಧಿಯ ಮಾತು ನೂರಕ್ಕೆ ನೂರು ಸರಿ. ಅದರ ಜೊತೆಗೆ ಬರುವ ಹಣದಲ್ಲಿ ಮಾಡಿಗೆಂದೇ ಒಂದು ಪಾಲು ಮೊದಲು ಎತ್ತಿಡಬೇಕು. ಉಳಿದರೆ ಇಡೋಣ ಎಂದರೆ ಎಂದಿಗೂ ಉಳಿಯುವುದಿಲ್ಲ. ಹೆಂಚು ತೆಗೆದಾಗ ಹೆಚ್ಚಾದ ಹಳೆಯ ಹೆಂಚುಗಳನ್ನು ಮಾರದೆ ಹಿತ್ತಿಲಲ್ಲಿ ಅಡ್ಡಲಾಗಿ ಜೋಡಿಸಿಡಿ, ಹತ್ತು ವರ್ಷದ ನಂತರ ಅಂಗಡಿಯಲ್ಲಿ ಆ ಅಚ್ಚು ಸಿಗುವುದಿಲ್ಲ. ನಮ್ಮ ಕಡೆಯ ಹುಡುಗರಲ್ಲಿ ಇಬ್ಬರನ್ನಾದರೂ ಕೆಲಸದ ವೇಳೆ ಜೊತೆಗೆ ನಿಲ್ಲಿಸಿದರೆ ಸುಣ್ಣ ಅರಳಿಸುವುದನ್ನು, ಅರೆಯುವುದನ್ನು ನಾನೇ ಕಲಿಸಿಕೊಡುತ್ತೇನೆ. ಒಂದು ತೇಪೆ ಹಾಕಲು ಪ್ರತಿ ಸಲ ಬೆಂಗಳೂರಿನಿಂದ ಜನ ಬರುವುದು ತಪ್ಪುತ್ತದೆ.

ನಿವೃತ್ತ ಗಾರ್ಡ್
ಕರಡು ಬರೆಯುವವರು ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನೂ ಅದರಲ್ಲೇ ಬರೆಯಬೇಕು. ಹಾಲ್ಟ್‌ಗಳಲ್ಲಿ ಸ್ಟೇಷನ್ ಮಾಸ್ತರರು ಇರುವುದಿಲ್ಲ, ಸಾಮಾನ್ಯವಾಗಿ ಕಮಿಷನ್ ಮೇಲೆ ಟಿಕೆಟ್ ಕೊಡುವ ಏಜೆಂಟರು ರೈಲಿನ ಹೊತ್ತಿಗೆ ಬಂದು ಹೋಗುತ್ತಾರೆ. ಬೆಳಗಿನ ಮೊದಲ ರೈಲಿಗೆ ಮುನ್ನ ಶೌಚಾಲಯ ತೆರೆಯುವುದು, ಕೊನೆಯ ರೈಲು ಹೋದ ಮೇಲೆ ದೀಪ ಆರಿಸುವುದು, ಮಳೆಗಾಲಕ್ಕೆ ಮುನ್ನ ದೋಣಿಯ ಎಲೆ ಕಸ ತೆಗೆಯುವುದು, ಈ ಮೂರು ಕೆಲಸಗಳ ಹೊಣೆಯನ್ನು ಇಂಥವರದೇ ಎಂದು ಹುದ್ದೆಯ ಸಮೇತ ನಮೂದಿಸಿ, ಅದಕ್ಕೆ ಕೊಡುವ ಸಂಬಳವನ್ನೂ ಬರೆಯಿರಿ. ಸಂಘದ ಅಕ್ಕನವರು ಒಪ್ಪುವುದಾದರೆ ಆ ಕೆಲಸ ಸಂಘಕ್ಕೇ ಬರಲಿ ಎಂದು ನನ್ನ ಸೂಚನೆ. ಕರಡು ಸಿದ್ಧವಾದರೆ ರೈಲ್ವೆಯ ಭಾಷೆಯಲ್ಲಿ ತಿದ್ದಿಕೊಡಲು ನಾನಿದ್ದೇನೆ.

ಸಂಘದ ಅಕ್ಕ
ಒಪ್ಪಿಗೆ ಇದೆ ಅಣ್ಣ, ಸಂಬಳವನ್ನು ಪಾಲಿನ ಹಣದಲ್ಲಿ ಮುರಿದುಕೊಳ್ಳುವುದಿಲ್ಲ ಎಂದೂ ಸೇರಿಸಿ. ಮುಂದಿನ ಸಂಘದ ಸಭೆಯಲ್ಲಿ ವಿಷಯ ಇಡುತ್ತೇನೆ; ಪಂಚಾಯಿತಿ ಅಧ್ಯಕ್ಷರ ಹತ್ತಿರ ಹೋಗುವಾಗ ನಾಲ್ಕನೇ ಬೆಂಚಿನ ಹುಡುಗರೂ ಸಹಿ ಮಾಡಿದ ಅರ್ಜಿಯೊಂದಿಗೆ ಜೊತೆಗೆ ಬರಲಿ.